ಕುತ್ತಿಗೆಯ ಕೆಳಗಿನ ಪೈಲ್ವಾನ

ಮನೋಳಿ
೯ ಜನವರಿ ೨೦೨೫

ಫ್ಲೆಕ್ಸ್ ಅಂಗಡಿಯ ಅಪ್ಪುಗೆ,

ನಾನು ಮನೋಳಿಯ ಲಗಮಪ್ಪ. ನೀನು ನನ್ನನ್ನು ನೋಡಿಲ್ಲ, ಆದರೆ ನನ್ನ ಮೈ ನೋಡಿದ್ದೀ. ಮೊನ್ನೆ ಹಲ್ಲು ತೋರಿಸಲು ರಾಮದುರ್ಗಕ್ಕೆ ಬಂದಿದ್ದೆ. ಬಸ್ ಸ್ಟ್ಯಾಂಡಿನ ಎದುರು ಕಂಬಕ್ಕೆ ಕಟ್ಟಿದ ಫ್ಲೆಕ್ಸ್ ಕಣ್ಣಿಗೆ ಬಿತ್ತು. 'ಮಲಪ್ರಭೆಯ ಮೊಸಳೆ, ಸವದತ್ತಿಯ ಹವ್ಯಾಸಿ ಕುಸ್ತಿ ಕಣಕ್ಕೆ ಇಳಿಯಲಿರುವ ಅಪ್ಪು ಪೈಲ್ವಾನರಿಗೆ ಗೆಳೆಯರ ಬಳಗದ ಶುಭಾಶಯಗಳು' ಎಂದು ಬರೆದಿದೆ. ಕುತ್ತಿಗೆಯ ಮೇಲಿನದು ನಿನ್ನ ಮುಖ, ನೀನು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೀ ಎಂದು ಚಹಾದಂಗಡಿಯವನು ಹೇಳಿದ. ಕುತ್ತಿಗೆಯ ಕೆಳಗಿನದು ನನ್ನದು. ಎಡ ಮೊಣಕಾಲಿನ ಮೇಲೆ ಎತ್ತಿನ ಕೊಂಬು ತಾಗಿದ ಗಾಯ ಇದೆ ನೋಡು, ಆ ಎತ್ತು ನಮ್ಮ ಮನೆಯದು. ಗದೆ ಹಿಡಿದ ಕೈಯ ತಾಯತ ನನ್ನ ಅವ್ವ ಕಟ್ಟಿದ್ದು.

ಮೊಮ್ಮಗಳು ಸಪ್ನಾ ದೊಡ್ಡದು ಮಾಡಿಸಲು ನಿಮ್ಮ ಅಂಗಡಿಗೆ ನನ್ನ ಹಳೆಯ ಫೋಟೋ ಕೊಟ್ಟಿದ್ದಳು. ದೊಡ್ಡದು ಮಾಡು ಎಂದರೆ ಇಷ್ಟು ದೊಡ್ಡದು ಮಾಡಿ ಕಂಬಕ್ಕೆ ಕಟ್ಟುತ್ತೀ ಎಂದು ತಿಳಿದಿರಲಿಲ್ಲ.

ಇನ್ನೊಂದು ಮಾತು. ಆ ಮೈಗೆ ನಿನ್ನ ಕಿವಿ ಹೊಂದುವುದಿಲ್ಲ. ಕುಸ್ತಿ ಆಡಿದವನ ಕಿವಿ ಮುರುಟಿರುತ್ತದೆ. ನಿನ್ನವು ಹಪ್ಪಳದ ಹಾಗೆ ಸಪಾಟಾಗಿವೆ.

ಫ್ಲೆಕ್ಸ್ ಇಳಿಸು, ಇಲ್ಲವೇ ಆ ಮೈ ಬೆಳೆಸು. ಯಾವುದೆಂದು ಬರೆದು ತಿಳಿಸು. ಫೋನು ಬೇಡ. ನನ್ನ ಕಿವಿಗೆ ಫೋನು ಕೂಡುವುದಿಲ್ಲ, ಕೂಡಿದರೂ ಕೇಳುವುದಿಲ್ಲ. ನಮ್ಮೂರ ಬಸ್ಸಿನ ಕಂಡಕ್ಟರ್ ಸದಾಶಿವನ ಕೈಗೆ ಕೊಟ್ಟರೆ ಮುಟ್ಟುತ್ತದೆ.

ಲಗಮಪ್ಪ

*

ರಾಮದುರ್ಗ
೧೨ ಜನವರಿ ೨೦೨೫

ಕುತ್ತಿಗೆಯಿಂದ ಕೆಳಗೆ ನನಗೆ ಪರಮಪೂಜ್ಯರಾದ ಲಗಮಪ್ಪ ಅಜ್ಜಾರಿಗೆ, ಕುತ್ತಿಗೆಯಿಂದ ಮೇಲೆ ಮಾತ್ರ ಉಳಿದಿರುವ ಅಪ್ಪು ಮಾಡುವ ಅರ್ಧ ನಮಸ್ಕಾರಗಳು. ಸಾಷ್ಟಾಂಗಕ್ಕೆ ಬೇಕಾದ ಉಳಿದ ಅಂಗಗಳು ತಮ್ಮವಾದ್ದರಿಂದ ಸದ್ಯ ಇಷ್ಟೇ ಸಾಧ್ಯ.

ತಾವು ಹೊರಿಸಿದ ಆರೋಪದ ಬಗ್ಗೆ ಸಭೆ ಕರೆದು ವಿಚಾರಣೆ ನಡೆಸಲಾಯಿತು. ಸಭೆಯಲ್ಲಿ ನಾನೊಬ್ಬನೇ ಇದ್ದೆ. ಆರೋಪ ಸಾಬೀತಾಗಿದೆ.

ನಡೆದದ್ದು ಇಷ್ಟು. ಸವದತ್ತಿಯ ಕುಸ್ತಿಯ ಜಾಹೀರಾತು ನಮ್ಮ ಅಂಗಡಿಗೇ ಅಚ್ಚಿಗೆ ಬಂದಿತ್ತು. ಅದೇ ಹೊತ್ತಿಗೆ ತಮ್ಮ ಫೋಟೋ ಮೇಜಿನ ಮೇಲಿತ್ತು. ಎರಡೂ ಒಂದೇ ಮೇಜಿನ ಮೇಲೆ ಬಂದರೆ ನನ್ನಂಥವನ ಕೈ ಸುಮ್ಮನಿರುವುದು ಹೇಗೆ? ಕಳೆದ ವರ್ಷ ನಮ್ಮ ಮಾಲಕ ಗಂಗಯ್ಯನವರಿಗೆ ಐವತ್ತು ತುಂಬಿದಾಗ 'ತೊಂಬತ್ತನೆಯ ಹುಟ್ಟುಹಬ್ಬದ ಶುಭಾಶಯಗಳು' ಎಂದು ಕಟ್ಟಿದವನೂ ನಾನೇ. ಹೊಸ ವರ್ಷದ ದಿನ ಒಂದು ಹೊತ್ತು ಊರನ್ನು ನಗಿಸಿ ಇಳಿಸುವುದು ನನ್ನ ಯೋಜನೆಯಾಗಿತ್ತು.

ಅಷ್ಟರಲ್ಲಿ ಅವ್ವ ನೋಡಿದಳು. ನನ್ನ ಅವ್ವ ಸಾವಿತ್ರೆವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಕಂಬದ ಕೆಳಗೆ ತಲೆ ಎತ್ತಿ ನಿಂತಿದ್ದಳು. ಚಹಾದಂಗಡಿಯವನು ನಿಮ್ಮ ಮಗನೇನು ಎಂದು ಕೇಳಿದ. "ಹೌದ್ರಿ, ನನ್ನ ಮಗಾನ" ಅಂದಳು. ನನ್ನ ಇಪ್ಪತ್ಮೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಹೆಡ್ಮಾಸ್ತರರು, ಪೊಲೀಸರು, ಓಣಿಯವರು ಕೇಳಿದ್ದಾರೆ. ಪ್ರತಿ ಸಲವೂ ಅವಳು ತಲೆ ತಗ್ಗಿಸಿ ಹೌದೆಂದಿದ್ದಳು. ತಲೆ ಎತ್ತಿ ಹೇಳಿದ್ದು ಇದೇ ಮೊದಲು. ಈಗ ದಿನವೂ ಖಾನಾವಳಿಗೆ ಆ ಕಂಬದ ದಾರಿಯಿಂದಲೇ ಸುತ್ತಿ ಹೋಗುತ್ತಾಳೆ. ಇದು ತಮಾಷೆ ಎಂದು ಅವಳಿಗೆ ಹೇಗೆ ಹೇಳಲಿ?

ಸವದತ್ತಿಯವರೂ ಫ್ಲೆಕ್ಸ್ ನಂಬಿ ಏಪ್ರಿಲ್ ಆರಕ್ಕೆ, ಅರವತ್ತೊಂದು ಕಿಲೋ ವಿಭಾಗದಲ್ಲಿ, ನನ್ನ ಹೆಸರು ಬರೆದುಕೊಂಡಿದ್ದಾರೆ. ಚಪ್ಪಲಿ ಸಮೇತ ನನ್ನ ತೂಕ ಐವತ್ತೆಂಟು. ಅಂದಿನಿಂದ ಕುಂತಲ್ಲಿ ಕುಂತಿರಲು ಆಗುತ್ತಿಲ್ಲ. ಮೇಜಿನ ಕೆಳಗೆ ಕಾಲು ತಾವಾಗಿ ಕುಣಿಯುತ್ತವೆ. ನಿನ್ನೆ ಆ ನಡುಕದಲ್ಲಿ ಒಬ್ಬ ಪಂಚಾಯತಿ ಸದಸ್ಯರ ಹೆಸರನ್ನು ಎರಡು ಸಲ ಅಚ್ಚು ಮಾಡಿದೆ. ಅವರು ಖುಷಿಪಟ್ಟರು, ಆ ಮಾತು ಬೇರೆ.

ಆದ್ದರಿಂದ ಮೈ ಬೆಳೆಸುವುದೆಂದು ಸಭೆ ಒಮ್ಮತದಿಂದ ತೀರ್ಮಾನಿಸಿದೆ. ಕಲಿಸಿಕೊಡಬೇಕು.

ತಮ್ಮ ಮೈಯ ಬಾಡಿಗೆದಾರ,
ಅಪ್ಪು

*

ಮನೋಳಿ
೧೬ ಜನವರಿ

ಅಪ್ಪು,

ಎಂಬತ್ತು ದಿನ ಇವೆ. ಎದ್ದ ಕೂಡಲೇ ಹೊಳೆಯ ತನಕ ಓಡು. ಬಂದು ದಂಡ ಹೊಡೆ, ಬೈಠಕ್ ಹೊಡೆ. ಐವತ್ತರಿಂದ ಹಿಡಿದು ಐದುನೂರಕ್ಕೆ ಒಯ್ಯಬೇಕು. ಸಂಜೆ ನಿಮ್ಮೂರ ಗರಡಿಗೆ ಹೋಗಿ ಯಾರ ಕೈಯಿಂದಲಾದರೂ ಬೀಳು. ಬೀಳುವುದು ಮೊದಲನೆಯ ಪಾಠ.

ಖುರಾಕು ಇಲ್ಲದೆ ಪೈಲ್ವಾನ ಇಲ್ಲ. ಮುಂಜಾನೆ ಸಂಜೆ ಎಮ್ಮೆಯ ಹಾಲು, ನೆನೆಸಿದ ಬಾದಾಮಿ, ರೊಟ್ಟಿಯ ಮೇಲೆ ಕೈತುಂಬ ತುಪ್ಪ.

ನನ್ನ ಫೋಟೋ ದೊಡ್ಡದು ಮಾಡಿ ಕಳಿಸು. ಸವದತ್ತಿಯಲ್ಲಿ ಅದೇ ದಿನ ಹಳೆಯ ಪೈಲ್ವಾನರಿಗೆ ಶಾಲು ಹೊದಿಸುತ್ತಾರಂತೆ. ನನ್ನ ಹೆಸರು ಕೊಟ್ಟವಳು ಸಪ್ನಾ. ಫೋಟೋದ ಕೆಳಗೆ ಹೆಸರು ಬರೆದರೆ ಸಾಕು. ಊರು, ಇಸವಿ, ಬಿರುದು ಏನೂ ಬೇಡ. ಇದನ್ನು ಎರಡು ಸಲ ಓದಿಕೋ.

ಲಗಮಪ್ಪ

*

ರಾಮದುರ್ಗ
೨ ಫೆಬ್ರುವರಿ

ಉಸ್ತಾದ ಅಜ್ಜಾರಿಗೆ, ಬೆವರಿನಿಂದ ತೊಯ್ದ ಶಿಷ್ಯನ ವರದಿ.

ದಂಡ ಐದುನೂರು, ಬೈಠಕ್ ಐದುನೂರು, ಪ್ರತಿದಿನ ನಿರ್ವಿಘ್ನವಾಗಿ ಸಾಗಿವೆ. ಹೊಳೆಯ ದಾರಿಯ ನಾಯಿಗಳು ಮೊದಲು ಬೆನ್ನು ಹತ್ತುತ್ತಿದ್ದವು, ಈಗ ಗೌರವದಿಂದ ದಾರಿ ಬಿಡುತ್ತವೆ. ಗರಡಿಯಲ್ಲಿ ನನ್ನನ್ನು ಕೆಡವಲು ಜನ ಸರದಿಯಲ್ಲಿ ನಿಲ್ಲುತ್ತಾರೆ. ಯಾರನ್ನೂ ನಿರಾಸೆಗೊಳಿಸಿಲ್ಲ.

ಖುರಾಕಿನ ಉಸ್ತುವಾರಿಯನ್ನು ಓಣಿಯೇ ವಹಿಸಿಕೊಂಡಿದೆ. ಪೈಲ್ವಾನ ಎಂದು ಒಮ್ಮೆ ಹೆಸರು ಬಿದ್ದವನ ಹೊಟ್ಟೆ ಅವನದಲ್ಲ, ಓಣಿಯದು ಎಂಬುದು ನಮ್ಮಲ್ಲಿಯ ಕಾನೂನು. ಮೂಲೆಮನೆಯ ಕೃಷ್ಣವ್ವ ಚರಿಗೆ ತುಂಬ ಹಾಲು ತಂದು, ನಾನು ಕುಡಿದ ಮೇಲೆ ಚರಿಗೆಯನ್ನು ಬೋರಲು ಹಾಕಿ ನೋಡುತ್ತಾಳೆ. ಎದುರುಮನೆಯ ಮರೆವ್ವ ಅಂಟಿನ ಉಂಡಿ ತರುತ್ತಾಳೆ. ಸಾಕೆಂದರೆ, "ಕುಸ್ತಿ ಆಡಾಂವ ನೀ, ಸಾಕ ಅನಬಾರದು" ಎಂದು ಇನ್ನೆರಡು ಇಡುತ್ತಾಳೆ.

ಅಪ್ಪು

*

ಮನೋಳಿ
೬ ಫೆಬ್ರುವರಿ

ಅಪ್ಪು,

ಐದುನೂರು ದಂಡ ಹೊಡೆದವನ ಅಕ್ಷರ ಹೀಗೆ ಮುತ್ತು ಪೋಣಿಸಿದ ಹಾಗೆ ಇರುವುದಿಲ್ಲ. ಅವನ ಕೈ ಚಹಾದ ಕಪ್ಪನ್ನೂ ಹಿಡಿಯುವುದಿಲ್ಲ.

ಇನ್ನು ಮೇಲೆ ದಂಡ ಮುಗಿಸಿದ ಕೂಡಲೇ ಪತ್ರ ಬರೆ. ಎಷ್ಟು ಹೊಡೆದೆ ಎಂದು ಬರೆಯಬೇಡ. ಅಕ್ಷರ ನೋಡಿ ನಾನೇ ತಿಳಿದುಕೊಳ್ಳುತ್ತೇನೆ.

ಲಗಮಪ್ಪ

*

ರಾಮದುರ್ಗ
೨೩ ಫೆಬ್ರುವರಿ

ಅಜ್ಜಾರ,

ಇದೀಗ ಮುಗಿಸಿ ಕುಂತೆ. ಅಕ್ಷರ ಕ್ಷಮಿಸಿ. ಆ 'ಕ್ಷ' ಮೂರನೆಯ ಪ್ರಯತ್ನದ್ದು.

ಹಿಂದಿನ ಪತ್ರದ ಐದುನೂರು ಸುಳ್ಳು. ಆಗ ನಲವತ್ತಕ್ಕೇ ಮೂಗು ನೆಲ ಮುಟ್ಟುತ್ತಿತ್ತು. ಈಗಿನದು ತಮಗೇ ತಿಳಿಯುತ್ತದೆ.

ತೊಂದರೆ ಬೇರೆ ಬಂದಿದೆ. ಗೊಬ್ಬರದಂಗಡಿಯ ತೂಕದ ಕಾಟಾದ ಮೇಲೆ ನಿಂತೆ. ಅರವತ್ತಾರು. ಅರವತ್ತೊಂದು ದಾಟಿದವನನ್ನು ಕಣಕ್ಕೆ ಬಿಡುವುದಿಲ್ಲವಂತೆ. ನಾವಿಬ್ಬರೂ ಈ ಸಣ್ಣ ಸಂಗತಿಯನ್ನು ಮರೆತು ಹಾಲಿನ ಹೊಳೆ ಹರಿಸಿದೆವು. ಕೃಷ್ಣವ್ವನಿಗೆ ಹೇಳಿದರೆ, ತೂಕ ಕಡಿಮೆ ಮಾಡಿ ಕುಸ್ತಿ ಆಡುವುದನ್ನು ಎಲ್ಲಿಯೂ ಕೇಳಿಲ್ಲ ಎಂದು ಚರಿಗೆ ಮುಂದೆ ಇಟ್ಟಳು. ತಮ್ಮ ಕಾಲದಲ್ಲಿ ಇದಕ್ಕೆ ಏನು ಮಾಡುತ್ತಿದ್ದಿರಿ?

ಸದಾಶಿವನ ಕೈಯಲ್ಲಿ ದೊಡ್ಡ ಫೋಟೋ, ಜೊತೆಗೆ ಹಳೆಯದನ್ನೂ ಕಳಿಸಿದ್ದೇನೆ. ತಾವು ಬೇಡ ಎಂದದ್ದು ಸಂಕೋಚದಿಂದ ಎಂದು ಬಲ್ಲೆ. ಹಿರಿಯರ ಸಂಕೋಚ ಮೀರುವುದು ಕಿರಿಯರ ಧರ್ಮ. ಹಳೆಯ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ 'ಕೊಲ್ಲಾಪುರ ೧೯೭೯' ಎಂದಿತ್ತು. ಅದನ್ನು ಹಿಡಿದು ಬಂಗಾರದ ಅಕ್ಷರದಲ್ಲಿ 'ಕೊಲ್ಲಾಪುರ ಕುಸ್ತಿಯ ವಿಜಯವೀರ, ೧೯೭೯' ಎಂದು ಹಾಕಿದ್ದೇನೆ. ಸವದತ್ತಿಯವರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ವೇದಿಕೆಯ ಹಿಂದೆ ಕಟ್ಟುತ್ತಾರಂತೆ. ಇದು ಶಿಷ್ಯನ ಗುರುಕಾಣಿಕೆ.

ಅಪ್ಪು

*

ರಾಮದುರ್ಗ
೫ ಮಾರ್ಚ್

ಅಜ್ಜಾರ,

ಹತ್ತು ದಿನವಾಯಿತು, ಉತ್ತರವಿಲ್ಲ. ಸದಾಶಿವನನ್ನು ತಡೆದು ವಿಚಾರಿಸಿದೆ. "ಕೊಟ್ಟೀನಪಾ. ಅಜ್ಜ ಬಿಚ್ಚಿ ನೋಡಿ ಒಳಗ ಹ್ವಾದ, ಹೊಳ್ಳಿ ಹೊರಗ ಬರಲಿಲ್ಲ" ಅಂದ. ಆನಂದಕ್ಕೆ ಮಾತು ಹೊರಡಲಿಲ್ಲ ಎಂದು ತಿಳಿದಿದ್ದೇನೆ. ಆನಂದ ಇಳಿದ ಮೇಲೆ ತೂಕ ಇಳಿಸುವ ಉಪಾಯ ಬರೆಯಿರಿ.

ಅಪ್ಪು

*

ರಾಮದುರ್ಗ
೧೪ ಮಾರ್ಚ್

ಅಜ್ಜಾರ,

ಇನ್ನೂ ಇಲ್ಲ. ದಿನಕ್ಕೆ ಮೂರು ಸಲ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಸದಾಶಿವ ನನ್ನನ್ನು ಕಂಡರೆ ಈಗ ಡ್ರೈವರ್ ಕಡೆಯ ಬಾಗಿಲಿನಿಂದ ಇಳಿಯುತ್ತಾನೆ. ಹೊಳೆಯ ತನಕ ಓಡುತ್ತೇನೆ, ನಿಲ್ಲಲು ಮನಸ್ಸಾಗದೆ ಮತ್ತೆ ಓಡುತ್ತೇನೆ. ಅಂಗಡಿಯಲ್ಲಿ ಕುಂತರೆ ಎದ್ದೇಳುತ್ತೇನೆ, ಎದ್ದರೆ ಎಲ್ಲಿಗೆ ಎಂದು ತಿಳಿಯುವುದಿಲ್ಲ. ತೂಕ ಅರವತ್ತಮೂರೂವರೆ.

ತಾವು ಕೈಬಿಟ್ಟಿರಿ ಎಂದುಕೊಂಡು ನಾನೇ ಒಂದು ಮಹಾ ಉಪಾಯ ಹೂಡಿದ್ದೇನೆ. ನನ್ನ ಗೆಳೆಯನೊಬ್ಬ ಔಷಧಿ ಅಂಗಡಿಯಲ್ಲಿದ್ದಾನೆ. ಏಪ್ರಿಲ್ ಐದಕ್ಕೆ ನನ್ನ ಬಲಗೈಗೆ ಮಣಿಕಟ್ಟಿನಿಂದ ಮೊಣಕೈಯ ತನಕ ಬಿಳಿ ಪಟ್ಟಿ ಸುತ್ತಿ ಕೊಡುತ್ತಾನೆ. ಗರಡಿಯಲ್ಲಿ ಬಿದ್ದು ಕೈ ಉಳುಕಿತು ಎಂದರಾಯಿತು. ಅವ್ವನಿಗೆ ಮಗ ಪೈಲ್ವಾನನೇ ಆಗಿ ಉಳಿಯುತ್ತಾನೆ, ಬೀಳುವುದೂ ತಪ್ಪುತ್ತದೆ. ಹೇಗಿದೆ?

ಅಪ್ಪು

*

ಮನೋಳಿ
೧೯ ಮಾರ್ಚ್

ಅಪ್ಪು,

ಪಟ್ಟಿ ಕಟ್ಟಬೇಡ.

ನನಗೆ ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ. ನಿನ್ನ ಪಟ್ಟಿಯ ಮಾತು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

೧೯೭೯ರಲ್ಲಿ ನನಗೆ ಇಪ್ಪತ್ತೆರಡು. ಕೊಲ್ಲಾಪುರಕ್ಕೆ ಒಬ್ಬನೇ ಹೋದೆ. ಕುಸ್ತಿಯ ಹಿಂದಿನ ದಿನ ಫೋಟೋ ತೆಗೆಸಿದೆ. ಗದೆ ಸ್ಟುಡಿಯೋದವನದು. ಗೆದ್ದ ಮೇಲೆ ಗದ್ದಲದಲ್ಲಿ ಆಗುವುದಿಲ್ಲ, ಈಗಲೇ ತೆಗೆಸಿಬಿಡು ಎಂದು ಅವನೇ ಹೇಳಿದ. ಮರುದಿನ ಮುಂಜಾನೆ ಫೋಟೋ ಇಸಿದುಕೊಂಡು ಕಣಕ್ಕೆ ಹೋದೆ. ನನ್ನ ಎದುರು ಆಡಬೇಕಿದ್ದ ಜೋಡಿಯವನು ಮೈಗೆ ಮಣ್ಣು ತಿಕ್ಕಿಕೊಳ್ಳುತ್ತ ನನ್ನ ಕಡೆ ನೋಡಿ ನಕ್ಕ. ಕೆಟ್ಟ ನಗೆಯೂ ಅಲ್ಲ ಅದು. ನೀರು ಕುಡಿದು ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಬಸ್ಸು ನಿಂತಿತ್ತು. ಹತ್ತಿದೆ.

ಮನೆಗೆ ಬಂದಾಗ ಕೈಯಲ್ಲಿ ಫೋಟೋ ಇತ್ತು. ನನ್ನ ಹೆಂಡತಿ ಮಾಯವ್ವ ಆಗ ಹೊಸ ಮದುವಣಗಿತ್ತಿ. "ಗೆದ್ದ್ರೇನ?" ಅಂದಳು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಫೋಟೋ ಅವಳ ಕೈಯಲ್ಲಿ ಇಟ್ಟೆ. ಗದೆ ನೋಡಿದಳು, ಗೋಡೆಗೆ ತಾನೇ ಮೊಳೆ ಹೊಡೆದಳು. ನಲವತ್ತಾರು ವರ್ಷ ಬಂದವರೆಲ್ಲ ಅದನ್ನು ನೋಡಿ ನನಗೆ ಮೇಲಿನ ಜಾಗ ಕೊಟ್ಟಿದ್ದಾರೆ. ನೀನು ಬಂಗಾರದಲ್ಲಿ ಬರೆದದ್ದು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ಸುಳ್ಳು.

ಫ್ಲೆಕ್ಸ್ ನೋಡಿದ ದಿನ ನಾನು ಬರೆದದ್ದು ಮೈ ಕದ್ದಿ ಎಂದಲ್ಲ. ನೀನೂ ಕುಸ್ತಿಗೆ ಮೊದಲು ಫೋಟೋ ತೆಗೆಸಿದ್ದಿ, ಅದಕ್ಕೆ.

ಹಾಲು ನಿಲ್ಲಿಸು. ಹೊತ್ತಿಗೆ ಒಂದು ರೊಟ್ಟಿ, ಪುಂಡಿಪಲ್ಯ. ಕಂಬಳಿ ಹೊದ್ದು ಓಡು, ನೀರು ಇಳಿಯುತ್ತದೆ. ನಾನು ಸವದತ್ತಿಗೆ ಬರುವುದಿಲ್ಲ.

ಲಗಮಪ್ಪ

*

ರಾಮದುರ್ಗ
೨೪ ಮಾರ್ಚ್

ಅಜ್ಜಾರ,

ಈ ಪತ್ರದ ಮೇಲೆ ದೊಡ್ಡದೊಂದು ಸಂಬೋಧನೆ ಹಾಕಬೇಕೆಂದು ಹುಡುಕಿದೆ. ಸಿಗಲಿಲ್ಲ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಓಣಿಗೆಲ್ಲ ಗೊತ್ತು. ಇದು ನಿಂತಿದೆ. ಸವದತ್ತಿಯವರಿಂದ ಫೋಟೋ ಹೊಳ್ಳಿ ತರಿಸಿ, ಅಚ್ಚಿನ ತಪ್ಪು ಎಂದು ಹೇಳಿ, ಬರೀ ಹೆಸರಿನದು ಮಾಡಿ ಕೊಟ್ಟೆ. ಗಂಗಯ್ಯನವರು ಬೈದರು. ಅಷ್ಟಕ್ಕೆ ತಪ್ಪು ತೀರಲಿಲ್ಲ ಎಂದು ಬಲ್ಲೆ.

ಪಟ್ಟಿ ಕಟ್ಟುವುದಿಲ್ಲ. ಮಾರ್ಚ್ ಬಿಸಿಲಿನಲ್ಲಿ ಕಂಬಳಿ ಹೊದ್ದು ಓಡುವವನನ್ನು ನೋಡಿ ಓಣಿ ಎರಡು ಪಕ್ಷವಾಗಿದೆ. ಒಂದು ಪಕ್ಷ ಜ್ವರ ಅನ್ನುತ್ತದೆ, ಇನ್ನೊಂದು ಪಕ್ಷ ಹುಚ್ಚು ಅನ್ನುತ್ತದೆ. ಕೃಷ್ಣವ್ವ ಮಾತು ಬಿಟ್ಟಿದ್ದಾಳೆ. ತೂಕ ಅರವತ್ತೆರಡಕ್ಕೆ ಬಂತು.

ಒಂದು ಕೇಳುತ್ತೇನೆ. ಆ ದಿನ ಕಾಲು ತಾವೇ ಹೊರಗೆ ಹೊರಟರೆ ಏನು ಮಾಡಬೇಕು? ತಾವು ವೇದಿಕೆಯ ಕುರ್ಚಿಯ ಮೇಲೆ ಕುಂತಿದ್ದರೆ ನಾನು ಓಡುವುದಿಲ್ಲ ಅನಿಸುತ್ತದೆ. ಬರ್ರಿ.

ಅಪ್ಪು

*

ಮನೋಳಿ
೩೧ ಮಾರ್ಚ್

ಅಪ್ಪು,

ಜೋಡಿಯವನ ಮುಖ ನೋಡಬೇಡ. ನಾನು ಮುಖ ನೋಡಿದ್ದೆ. ಕಾಲು ನೋಡು. ಅವನ ಎಡಗಾಲು ಎಲ್ಲಿ ಹೋಗುತ್ತದೋ ಅಲ್ಲಿಗೆ ನಿನ್ನ ಬಲಗಾ‌ಲು ಒಯ್ಯಿ. ಬೇರೆ ಯೋಚನೆ ಬೇಡ.

ಬರುತ್ತೇನೆ ಎಂದು ಬರೆಯಲಾರೆ.

ಲಗಮಪ್ಪ

*

ರಾಮದುರ್ಗ
೮ ಏಪ್ರಿಲ್

ಅಜ್ಜಾರ,

ಸೋತೆ. ಮೊದಲು ಇದನ್ನು ಬರೆದುಬಿಟ್ಟರೆ ಉಳಿದದ್ದು ಹಗುರ.

ಮುಂಜಾನೆ ತೂಕಕ್ಕೆ ನಿಂತಾಗ ಅರವತ್ತೊಂದು ಕಿಲೋ, ನೂರು ಗ್ರಾಂ. ಓಡಿ ಹೋಗಿ ತಲೆ ಬೋಳಿಸಿಕೊಂಡು ಬಂದೆ. ಅರವತ್ತೊಂದು. ನನ್ನ ತಲೆಯಲ್ಲಿ ಇದ್ದದ್ದು ನೂರು ಗ್ರಾಂ ಎಂದು ಅಧಿಕೃತವಾಗಿ ದಾಖಲಾಯಿತು.

ವೇದಿಕೆಯ ಮೇಲೆ ಹಳೆಯ ಪೈಲ್ವಾನರಿಗೆ ಐದು ಕುರ್ಚಿ ಹಾಕಿದ್ದರು. ಮೂರನೆಯದು, ತಮ್ಮದು, ಖಾಲಿ. ಅದನ್ನು ನೋಡುತ್ತ ಇರುವಾಗಲೇ ನನ್ನ ಹೆಸರು ಕರೆಯುವ ಹೊತ್ತಾಯಿತು. ಪಕ್ಕದಲ್ಲಿದ್ದ ಸ್ವಯಂಸೇವಕನಿಗೆ, "ನೀರ ಕುಡದ ಬರತೇನ್ರಿ" ಅಂದೆ. ಅಂದ ಮೇಲೆ ಆ ಮಾತು ಯಾರದೆಂದು ನೆನಪಾಯಿತು. ಕಾಲು ಮಾತ್ರ ನಿಲ್ಲಲಿಲ್ಲ, ಮೈದಾನದ ಹೊರಗಿನ ನಳದ ತನಕ ಒಯ್ದವು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಮುದುಕ ಸರಿದು ಜಾಗ ಕೊಟ್ಟ. ಮುಖ ತೊಳೆದೆ. ರಸ್ತೆಯಲ್ಲಿ ರಾಮದುರ್ಗದ ಬಸ್ಸು ನಿಂತಿತ್ತು, ಬಾಗಿಲು ತೆರೆದಿತ್ತು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಕಂಡಕ್ಟರ್ ಸೀಟಿ ಊದಿದ. ನಾನು ಒಳಗೆ ಹೋದೆ, ಮೈದಾನದ ಒಳಗೆ.

ಜೋಡಿ ಸಾಲಹಳ್ಳಿಯ ವಿಜಯ, ಹಾಲಿನ ಡೇರಿಯ ಗುಮಾಸ್ತ. ಮುಖ ಹೇಗಿತ್ತೆಂದು ಇವತ್ತಿಗೂ ಹೇಳಲಾರೆ. ಕಾಲು ನೋಡಿದೆ. ಎರಡು ನಿಮಿಷ ಅವನಿಗೆ ಏನೂ ಮಾಡಲಾಗಲಿಲ್ಲ, ಒಂದು ಸಲ ನಾನೇ ಅವನನ್ನು ಗೆರೆಯ ಹೊರಗೆ ನೂಕಿ ಒಂದು ಅಂಕ ಗಳಿಸಿದೆ. ಆಮೇಲೆ ಹೇಗೋ ಬೆನ್ನು ಮ್ಯಾಟಿಗೆ ಹತ್ತಿತು. ಮೇಲೆ ಆಕಾಶ ಇತ್ತು.

ಅವ್ವ ಹೇಳದೆ ಕೇಳದೆ ಬಂದಿದ್ದಳು, ರೊಟ್ಟಿಯ ಗಂಟು ಸಮೇತ. ಎದುರು ಕುಂತು ಹೇಳಿಬಿಟ್ಟೆ.

"ಅವ್ವಾ, ಆ ಫ್ಲೆಕ್ಸನ್ಯಾಗಿನ ಮೈ ನಂದಲ್ಲ."

ಅವಳು ಗಂಟು ಬಿಚ್ಚುತ್ತಲೇ ಇದ್ದಳು. "ನಾ ನೀರ ಎರದ ಮೈ ನನಗ ಗೊತ್ತಿಲ್ಲೇನಪಾ? ಮೊಣಕಾಲಿಗೆ ಅಂಥಾ ಗಾಯ ನಿನಗೆಲ್ಲೈತಿ?"

"ಮತ್ತ ದಿನಾ ನಿಂತು ಏನ ನೋಡತಿದ್ದಿ?"

"ಮಾರಿ ನಿಂದಿತ್ತಲ್ಲ. ಮನ್ಯಾಗ ನೀ ಹಂಗ ಒಂದ ಕಡೆ ನಿಂತು ನಿನ್ನ ಮಾರಿ ಎಂದ ನೋಡಾಕ ಕೊಟ್ಟಿ?"

ಎರಡು ರೊಟ್ಟಿ ತಿಂದೆ. ನಿನ್ನೆ ನಾನೇ ಕಂಬ ಹತ್ತಿ ಫ್ಲೆಕ್ಸ್ ಇಳಿಸಿದೆ.

ಮೂರನೆಯ ಕುರ್ಚಿ ಖಾಲಿ ಇದ್ದದ್ದಕ್ಕೆ ನನಗೆ ಬೇಸರವಿಲ್ಲ. ಇದು ಸುಳ್ಳು ಎಂದು ಅಕ್ಷರ ನೋಡಿದರೆ ತಮಗೆ ತಿಳಿಯುತ್ತದೆ.

ಅಪ್ಪು

*

ಮನೋಳಿ
೧೪ ಏಪ್ರಿಲ್

ಅಪ್ಪು,

ಎರಡು ನಿಮಿಷ ಅವನ ಕಾಲು ನೋಡಿದಿ. ಚಲೋ ನೋಡಿದಿ. ಆಮೇಲೆ ತಲೆ ಎತ್ತಿ, ಹೆಂಗಸರ ಕಡೆ ಕುಂತಿದ್ದ ನೀಲಿ ಸೀರೆಯ ಹೆಣ್ಣುಮಗಳನ್ನು ನೋಡಿದಿ. ಅಲ್ಲಿಯೇ ಅವನು ನಿನ್ನನ್ನು ಎತ್ತಿದ. ಅದು ನಿನ್ನ ಅವ್ವ ಎಂದು ನಿನ್ನ ಪತ್ರ ಓದಿದ ಮೇಲೆ ತಿಳಿಯಿತು.

ನಳದ ಹತ್ತಿರ ಸರಿದು ಜಾಗ ಕೊಟ್ಟವನು ನಾನು. ನಿನ್ನ ಮುಖ ನನಗೆ ಗೊತ್ತಿತ್ತು, ಫ್ಲೆಕ್ಸಿನಲ್ಲಿ ನೋಡಿದ್ದೆ. ನನ್ನ ಮುಖ ನಿನಗೆ ಗೊತ್ತಾಗಲಿಲ್ಲ, ಅದನ್ನು ನೀನು ಕತ್ತರಿಸಿ ಒಗೆದಿದ್ದಿ. ನೀನು ಬಸ್ಸು ನೋಡುತ್ತ ನಿಂತಾಗ ಕರೆಯಬೇಕೆಂದು ಬಾಯಿ ತೆರೆದೆ. ಕರೆಯಲಿಲ್ಲ. ಕೊಲ್ಲಾಪುರದಲ್ಲಿ ನನ್ನನ್ನೂ ಯಾರೂ ಕರೆದಿರಲಿಲ್ಲ. ನೀನು ಒಳಗೆ ಹೋದಿ. ನಾನು ನಿನ್ನ ಹಿಂದೆಯೇ ಬಂದು ಕಡೆಯ ಸಾಲಿನಲ್ಲಿ ನಿಂತೆ.

ಕುಸ್ತಿ ಮುಗಿದ ಮೇಲೆ ಒಂದು ಚೀಟಿ ಬರೆದು ಸವದತ್ತಿಯವರ ಕೈಯಲ್ಲಿ ಇಟ್ಟೆ. ಲಗಮಪ್ಪ ಕೊಲ್ಲಾಪುರದಲ್ಲಿ ಕುಸ್ತಿ ಆಡಿಲ್ಲ, ಶಾಲು ಬೇರೆಯವರಿಗೆ ಹೊದಿಸಿರಿ ಎಂದು. ಅವರು ಓದಿ ನನ್ನ ಮುಖ ನೋಡಿದರು. ನಾನು ಈ ಸಲ ಅಲ್ಲಿಯೇ ನಿಂತಿದ್ದೆ.

ಮನೆಗೆ ಬಂದು ಮಾಯವ್ವನಿಗೂ ಹೇಳಿದೆ. ಮೂರನೆಯ ದಿನ, ಸ್ಟೂಲ್ ಹತ್ತಿ ಗೋಡೆಯ ಮೇಲಿನ ಫೋಟೋ ತೆಗೆದಳು. ಅದರ ಹಿಂದೆ ಗೋಡೆಯ ಬಣ್ಣ ಇನ್ನೂ ಹೊಸದಾಗಿಯೇ ಇದೆ. ಮೊಳೆ ಹಾಗೇ ಇದೆ. "ಖಾಲಿ ಮೊಳಿ ಚಲೋ ಕಾಣೂದಿಲ್ಲ. ಖರೇದ್ದೊಂದು ಏನರ ತಂದು ಹಾಕ್ರಿ" ಎಂದಳು.

ನನ್ನ ಹತ್ತಿರ ಖರೇ ಕುಸ್ತಿಯ ಫೋಟೋ ಇಲ್ಲ. ನೀನು ಮ್ಯಾಟಿನ ಮೇಲೆ ನಿಂತದ್ದನ್ನು ಮೈದಾನದಲ್ಲಿ ಬಹಳ ಜನ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಒಂದನ್ನು ಇಸಿದುಕೋ. ಎದೆಯ ಎಲುಬು ಕಂಡರೆ ಕಾಣಲಿ. ಕುತ್ತಿಗೆಯ ಮೇಲೆ ನನ್ನ ಈಗಿನ ತಲೆ ಕೂಡಿಸು. ಸಪ್ನಾ ಮೊಬೈಲಿನಲ್ಲಿ ತೆಗೆದದ್ದನ್ನು ನಿನಗೆ ಕಳಿಸುತ್ತಾಳೆ. ಮಾಯವ್ವನಿಗೆ ಎಲ್ಲ ಹೇಳಿಯೇ ಬರೆಯುತ್ತಿದ್ದೇನೆ, ಅವಳು ನಗುತ್ತಿದ್ದಾಳೆ. ನನ್ನ ಮೈ ನೀನು ಮೂರು ತಿಂಗಳು ಇಟ್ಟುಕೊಂಡಿದ್ದಿ. ನಿನ್ನದನ್ನು ನಾನು ಇರುವಷ್ಟು ದಿನ ಇಟ್ಟುಕೊಳ್ಳುತ್ತೇನೆ.

ಕೆಳಗೆ 'ಸವದತ್ತಿ, ೨೦೨೫, ಸೋತದ್ದು' ಎಂದು ಬರೆ. ಬಂಗಾರದ ಅಕ್ಷರ ನಡೆಯುತ್ತದೆ.

ಕಿವಿ ಮಾತ್ರ ನನ್ನವೇ ಇರಲಿ. ಸಪಾಟು ಮಾಡಬೇಡ.

ಲಗಮಪ್ಪ